ಒಂದು ವರ್ಷದ ಅಧ್ಯಕ್ಷರು

ಸೇವಾ ಕ್ಲಬ್ಬಿನ ಅಧ್ಯಕ್ಷರು ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ ಹೇರಳವಾಗಿ, ಹೋಬಳಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಂತೆ ಕಂಡುಬರುತ್ತಾರೆ. ಅಧಿಕಾರಾವಧಿ ಜುಲೈ 1ರಿಂದ ಜೂನ್ 30ರವರೆಗೆ. ವಯಸ್ಸು ನಲವತ್ತೈದು ದಾಟಿರುತ್ತದೆ. ಬಟ್ಟೆ ಅಂಗಡಿ, ಔಷಧ ಅಂಗಡಿ, ಹಾರ್ಡ್‌ವೇರ್, ಪೆಟ್ರೋಲ್ ಬಂಕ್, ಆಡಿಟರ್ ಕಚೇರಿ, ಹಲ್ಲಿನ ಆಸ್ಪತ್ರೆ, ಇವುಗಳಲ್ಲಿ ಯಾವುದಾದರೊಂದು ಬೆನ್ನಿಗಿರುತ್ತದೆ. ಮಗಳ ಮದುವೆ ಮುಗಿದು, ಮಗ ಬೆಂಗಳೂರಿನಲ್ಲಿ ಕೆಲಸ ಹಿಡಿದು, ಗಲ್ಲಾಪೆಟ್ಟಿಗೆಯ ಮುಂದೆ ನಂಬಿಕೆಯ ಹುಡುಗನೊಬ್ಬ ಕೂತ ಮೇಲೆ ಇಂಥವರ ಕಣ್ಣಿಗೆ ಸಮಾಜ ಬೀಳುತ್ತದೆ. ಪುರಸಭೆಗೆ ನಿಂತರೆ ದುಡ್ಡು ಹೋಗುತ್ತದೆ, ದೇವಸ್ಥಾನದ ಸಮಿತಿಗೆ ಸೇರಿದರೆ ಸ್ನೇಹ ಹೋಗುತ್ತದೆ. ಎರಡೂ ಉಳಿಯಬೇಕು ಎನ್ನುವವರು ಕ್ಲಬ್ಬು ಸೇರುತ್ತಾರೆ. ಸೇರಿ ನಾಲ್ಕಾರು ವರ್ಷ ಹಾಜರಿ ಕೆಡಿಸದೆ ಬಂದರೆ ಖಜಾಂಚಿ, ಕಾರ್ಯದರ್ಶಿ ಎಂಬ ಮೆಟ್ಟಿಲುಗಳನ್ನು ಹತ್ತಿ ಅಧ್ಯಕ್ಷರಾಗುತ್ತಾರೆ.

ಈ ಪದವಿಯ ತವರು ಅಮೆರಿಕದ ಷಿಕಾಗೊ. ಅಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ 1905ರ ಫೆಬ್ರುವರಿ 23ರಂದು ಮೂವರು ಪರಿಚಿತರನ್ನು ಕೂಡಿಸಿಕೊಂಡು ರೋಟರಿ ಆರಂಭಿಸಿದ. ಒಂದು ವಾರ ಒಬ್ಬನ ಕಚೇರಿಯಲ್ಲಿ, ಮುಂದಿನ ವಾರ ಇನ್ನೊಬ್ಬನ ಕಚೇರಿಯಲ್ಲಿ ಸೇರುತ್ತಿದ್ದರು. ಅದೇ ಊರಿನ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ 1917ರಲ್ಲಿ ಲಯನ್ಸ್ ಕಟ್ಟಿದ. ಬೆಂಗಳೂರಿಗೆ ರೋಟರಿ 1934ರಲ್ಲಿ ಬಂತು. ಲಯನ್ಸ್ ಭಾರತಕ್ಕೆ ಕಾಲಿಟ್ಟದ್ದು 1956ರಲ್ಲಿ. ಇವು ಬರಿ ಊಟದ ಕೂಟಗಳಲ್ಲ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಅಂಧರ ಕೈಹಿಡಿಯಿರಿ ಎಂದು ಕೇಳಿಕೊಂಡ ಮೇಲೆ ಕಣ್ಣಿನ ಶಿಬಿರಗಳು ಆ ಸಂಸ್ಥೆಯ ಗುರುತಾದವು. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಹೊರಟಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾದಾಗ ಅದರಲ್ಲಿ ಊರೂರ ಸದಸ್ಯರ ಪಾಲೂ ಇತ್ತು. ರಕ್ತ ಬೇಕೆಂದು ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ ಎದ್ದು ನಾಲ್ಕು ಜನಕ್ಕೆ ಫೋನು ಹಚ್ಚುವವರು ಇವತ್ತಿಗೂ ಇದೇ ಅಧ್ಯಕ್ಷರು. ಅವರ ದೊಡ್ಡ ಗುಣ ಇದು. ಉಳಿದ ಗುಣಗಳು ಸಭೆ ಸೇರಿದಾಗ ಗೋಚರಿಸುತ್ತವೆ.

ಅಧಿಕಾರ ಹಿಡಿಯುವ ಜುಲೈ 1 ಕನ್ನಡನಾಡಿನಲ್ಲಿ ಬಹಳ ದಟ್ಟಣೆಯ ದಿನ. ಬಿ.ಸಿ. ರಾಯ್ ಅವರ ನೆನಪಿನ ವೈದ್ಯರ ದಿನ ಅದು. 1949ರಲ್ಲಿ ಲೆಕ್ಕಪರಿಶೋಧಕರ ಸಂಸ್ಥೆ ಹುಟ್ಟಿದ ದಿನವೂ ಅದೇ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ನೆನಪಿಗೆ ಪತ್ರಿಕಾ ದಿನಾಚರಣೆಯೂ ಅಂದೇ. ಆದ್ದರಿಂದ ಹೊಸ ಅಧ್ಯಕ್ಷರು ಮೊದಲ ದಿನವೇ ಒಬ್ಬ ವೈದ್ಯರು, ಒಬ್ಬ ಆಡಿಟರು, ಒಬ್ಬ ಪತ್ರಕರ್ತರನ್ನು ಒಂದೇ ವೇದಿಕೆಯಲ್ಲಿ ಸನ್ಮಾನಿಸಿ, ಆರೋಗ್ಯ, ಲೆಕ್ಕಪತ್ರ, ಪ್ರಚಾರ ಮೂರನ್ನೂ ವರ್ಷದ ಮಟ್ಟಿಗೆ ಭದ್ರಪಡಿಸಿಕೊಳ್ಳುತ್ತಾರೆ. 2022ರಲ್ಲಿ ಈ ದಿನಕ್ಕೆ ಇನ್ನೊಂದು ಮಹತ್ವ ಸೇರಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಅಲಂಕಾರದ ಥರ್ಮೋಕೋಲ್, ಸಿಹಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಹಾಳೆ, 100 ಮೈಕ್ರಾನ್‌ಗಿಂತ ತೆಳ್ಳಗಿನ ಬ್ಯಾನರು, ಇವುಗಳ ಮೇಲೆ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂದದ್ದು ಆ ವರ್ಷದ ಜುಲೈ 1ರಂದು. ಪದಗ್ರಹಣ ಸಮಾರಂಭಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನೂ ಈ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ ಬಹಳ ವ್ಯತ್ಯಾಸ ಕಾಣುವುದಿಲ್ಲ.

ಅಧ್ಯಕ್ಷರ ನಿಜವಾದ ಪ್ರತಿಭೆ ಇರುವುದು ವಿಂಗಡಣೆಯಲ್ಲಿ. ಆಮಂತ್ರಣ ಪತ್ರಿಕೆಯ ಕರಡು ಕೈಗೆ ಕೊಟ್ಟರೆ ಊರಿನ ಗಣ್ಯರನ್ನು ಉದ್ಘಾಟಕರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಗೌರವ ಉಪಸ್ಥಿತಿ, ಬರಿಯ ಉಪಸ್ಥಿತಿ ಎಂದು ಐದು ನಿಮಿಷದಲ್ಲಿ ಬೇರೆ ಬೇರೆ ಮಾಡಿಬಿಡುತ್ತಾರೆ. ಕುರ್ಚಿಗಳಲ್ಲಿ ಬೆನ್ನಿಗೆ ಟರ್ಕಿ ಟವೆಲ್ ಹೊದಿಸಿದ ಸೋಫಾ ಯಾರಿಗೆ, ಮೆತ್ತೆಯದು ಯಾರಿಗೆ, ಪ್ಲಾಸ್ಟಿಕ್‌ನದು ಯಾರಿಗೆ ಎಂಬುದರಲ್ಲಿ ಅವರು ತಪ್ಪುವುದಿಲ್ಲ. ಸನ್ಮಾನಕ್ಕೂ ದರ್ಜೆಗಳಿವೆ. ಕ್ಲಬ್ಬಿನ ಜಿಲ್ಲಾ ಗವರ್ನರಿಗೆ ಜರಿಯ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ತಹಶೀಲ್ದಾರರಿಗೆ ಪೇಟ ಬಿಟ್ಟು ಉಳಿದದ್ದು. ಉಪನ್ಯಾಸಕರಿಗೆ ಶಾಲು, ಹಣ್ಣಿನ ಬುಟ್ಟಿ ಮತ್ತು ಸ್ಮರಣಿಕೆ. ಪ್ರಾರ್ಥನೆ ಹಾಡಿದ ಹುಡುಗಿಗೆ ಒಂದು ಗುಲಾಬಿ. ಹತ್ತು ಜನರಿಗೆ ಹತ್ತು ಬಗೆಯ ಮರ್ಯಾದೆ ಕತ್ತಲಲ್ಲಿ ಕೊಟ್ಟರೂ ಅದಲುಬದಲಾಗುವುದಿಲ್ಲ.

ಮರುಬಳಕೆಯಲ್ಲೂ ಅವರು ಪಳಗಿದವರೇ. ಪಕ್ಕದ ಊರುಗಳ ಸಭೆಗಳಲ್ಲಿ ಹೊದಿಸಿದ ಶಾಲುಗಳು ಮನೆಯ ಬೀರುವಿನಲ್ಲಿ ಸೇರುತ್ತವೆ. ಪ್ರತಿಯೊಂದರ ಮಡಿಕೆಯೊಳಗೂ ಯಾರು ಕೊಟ್ಟದ್ದು, ಯಾವಾಗ ಎಂಬ ಚೀಟಿ ಪಿನ್ನು ಚುಚ್ಚಿಕೊಂಡಿರುತ್ತದೆ. ಶಾಲು ಮುಂದೆ ಹೋಗಬೇಕು, ಆದರೆ ಕೊಟ್ಟವರ ಹೆಗಲಿಗೇ ಹೋಗಿ ಬೀಳಬಾರದು. ಈ ಶಾಸ್ತ್ರದ ಮೂಲಸೂತ್ರ ಇಷ್ಟೇ. ಒಂದೇ ಶಾಲು ಒಂದು ಮಳೆಗಾಲದಲ್ಲಿ ಮೂರು ತಾಲ್ಲೂಕು ಸುತ್ತಿ, ನಾಲ್ವರು ಸಾಧಕರನ್ನು ಗೌರವಿಸಿ, ಇಸ್ತ್ರಿ ಕೆಡದೆ ಮರಳುವುದುಂಟು. ಮೂರು ವರ್ಷದ ಹಿಂದಿನ ವನಮಹೋತ್ಸವದ ಭಾಷಣ ಈ ವರ್ಷದ ಜಲಸಂರಕ್ಷಣೆ ಭಾಷಣವಾಗುತ್ತದೆ. ಗಿಡ ನೆಡುವ ಗುಂಡಿಯಂತೂ ಪಾರಂಪರಿಕವಾದದ್ದು. ಇಷ್ಟೆಲ್ಲ ವಿದ್ಯೆಯುಳ್ಳವರಿಗೆ ತ್ಯಾಜ್ಯ ವಿಂಗಡಣೆಯ ಮೇಲೆ ಉಪನ್ಯಾಸವೊಂದು ಏರ್ಪಾಡಾಗುತ್ತದೆ.

ಏರ್ಪಾಡಿಗೆ ಕಾರಣ ಕಸವಲ್ಲ, ವರದಿ. ಕ್ಲಬ್ಬಿನ ಮೇಲಿನವರಿಗೆ ಪ್ರತಿ ತಿಂಗಳೂ ಕಳಿಸಬೇಕಾದ ನಮೂನೆಯಲ್ಲಿ ಪರಿಸರ ಎಂಬ ಕಲಮು ಇರುತ್ತದೆ. ಅದು ಖಾಲಿ ಬಿದ್ದರೆ ವರ್ಷದ ಕೊನೆಯ ಪ್ರಶಸ್ತಿಗಳಲ್ಲಿ ಪಕ್ಕದ ಊರಿನವರು ಮುಂದೆ ಹೋಗುತ್ತಾರೆ. ಗಿಡ ನೆಡುವ ಕಾಲ ಮುಗಿದಿರುತ್ತದೆ. ಕೆರೆಯ ಹೂಳೆತ್ತಲು ದುಡ್ಡು ಬೇಕು. ಉಪನ್ಯಾಸಕ್ಕಾದರೆ ಒಂದು ಶಾಲು, ಒಂದು ಊಟ ಸಾಕು. ಶಾಲು ಬೀರುವಿನಲ್ಲೇ ಇದೆ. ಕಾರ್ಯದರ್ಶಿ ಪುರಸಭೆಗೆ ಫೋನು ಮಾಡಿ ಪರಿಸರ ಎಂಜಿನಿಯರನ್ನು ಆಹ್ವಾನಿಸುತ್ತಾರೆ. ಮುಖ್ಯಾಧಿಕಾರಿಗಳನ್ನು ಕರೆದರೆ ಗಂಧದ ಹಾರವನ್ನೂ ಕೊಡಬೇಕಾಗುತ್ತದೆ ಎಂಬ ಲೆಕ್ಕಾಚಾರವೂ ಇದರಲ್ಲಿ ಅಡಗಿದೆ.

ಸಭೆಯ ಹಿಂಬದಿಗೆ ಎಂಟಡಿ ಉದ್ದದ ಫ್ಲೆಕ್ಸ್ ಏರುತ್ತದೆ. ಅದರ ಎಡಕ್ಕೆ ಸಂಸ್ಥಾಪಕರು, ಬಲಕ್ಕೆ ಗವರ್ನರು, ನಡುವೆ ಕೈಮುಗಿದ ಅಧ್ಯಕ್ಷರು. ಕೆಳಗೆ ಹಸಿರು ಅಕ್ಷರದಲ್ಲಿ ಪ್ಲಾಸ್ಟಿಕ್‌ಮುಕ್ತ ಊರಿನ ಸಂಕಲ್ಪ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರು, ಬಂಟಿಂಗ್ಸುಗಳನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಮುದ್ರಕರು ಮಾತ್ರ ಕೇಂದ್ರದ ನಿಯಮ ಹಿಡಿದು, "ನಮ್ದು ನೂರು ಮೈಕ್ರಾನಿಗಿಂತ ಮೇಲೈತೆ ಸಾರ್, ಏನೂ ಆಗಲ್ಲ" ಎನ್ನುತ್ತಾರೆ. ಅಧ್ಯಕ್ಷರು ಒಪ್ಪುತ್ತಾರೆ. ಬಟ್ಟೆಯ ಬ್ಯಾನರಿನಲ್ಲಿ ಅಕ್ಷರ ಚೆನ್ನಾಗಿಯೇ ಬರುತ್ತದೆ, ಆದರೆ ಮುಖಕ್ಕೆ ಕಳೆ ಬರುವುದಿಲ್ಲ ಎಂಬುದು ಅವರ ಅನುಭವ. ಅವಧಿ ಮುಗಿದ ಫ್ಲೆಕ್ಸುಗಳು ಹಾಳಾಗುವುದಿಲ್ಲ. ಸೌದೆಯ ರಾಶಿ, ಹುಲ್ಲಿನ ಬಣವೆ, ಚಹಾ ಗಾಡಿಯ ಸೂರು, ದನದ ಕೊಟ್ಟಿಗೆ ಇವುಗಳ ಮೇಲೆ ಊರಿನ ಅನೇಕ ಮಾಜಿ ಅಧ್ಯಕ್ಷರು ಕೈಮುಗಿದುಕೊಂಡು ಮಳೆ ತಡೆಯುತ್ತಿರುತ್ತಾರೆ. ಅವರ ಸೇವೆಯಲ್ಲಿ ಫಲಾನುಭವಿಗಳು ಎಣಿಕೆಗೆ ಸಿಗುವ ಭಾಗ ಇದು.

ವೇದಿಕೆಯ ಮೂಲೆಯಲ್ಲಿ ಹಸಿರು, ನೀಲಿ, ಕೆಂಪು ಬಣ್ಣದ ಮೂರು ಹೊಸ ಕಸದ ಡಬ್ಬಿಗಳು ನಿಂತಿರುತ್ತವೆ. ಅವು ಸರ್ಕಾರಿ ಶಾಲೆಗೆ ಕ್ಲಬ್ಬಿನ ಕೊಡುಗೆ. ಪ್ರತಿಯೊಂದರ ಮೇಲೂ ಅಧ್ಯಕ್ಷರ ಹೆಸರು, ಕಾರ್ಯದರ್ಶಿಯ ಹೆಸರು, ಖಜಾಂಚಿಯ ಹೆಸರು, ಸಾಲಿನ ವರ್ಷ, ದಾನಿಯ ಅಂಗಡಿಯ ವಿಳಾಸ ಬರೆಸಿರುತ್ತದೆ. ಹಸಿ ಕಸ, ಒಣ ಕಸ ಎಂದು ಬರೆಯಲು ಜಾಗ ಉಳಿದಿರುವುದಿಲ್ಲ.

ಆರೂವರೆಯ ಸಭೆ ಏಳೂಮುಕ್ಕಾಲಿಗೆ ಆರಂಭವಾಗುತ್ತದೆ. ಉಪನ್ಯಾಸಕಿ, ಅಂದರೆ ಪುರಸಭೆಯ ಆ ಎಂಜಿನಿಯರು, ಆರೂ ಇಪ್ಪತ್ತಕ್ಕೇ ಬಂದು ಕಾದಿರುತ್ತಾರೆ. ಅಧ್ಯಕ್ಷರು ಕೊರಳಿಗೆ ಪದಕಗಳ ಮಾಲೆ ಹಾಕಿಕೊಂಡು ಗಂಟೆ ಬಾರಿಸಿದ ಕೂಡಲೇ ಕಲಾಪಗಳು ಸಾಲುಗಟ್ಟುತ್ತವೆ: ಪ್ರಾರ್ಥನೆ, ಧ್ವಜವಂದನೆ, ಸ್ವಾಗತ, ಹಿಂದಿನ ಸಭೆಯ ವರದಿ, ಹುಟ್ಟುಹಬ್ಬ ಮತ್ತು ಮದುವೆಯ ವಾರ್ಷಿಕೋತ್ಸವದವರಿಗೆ ಹೂವು, ಗೈರುಹಾಜರಾದವರಿಗೆ ದಂಡ. ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೋಟರಿಯವರಾದರೆ ಒಟ್ಟಾಗಿ ಓದುತ್ತಾರೆ. 1932ರಲ್ಲಿ ಹರ್ಬರ್ಟ್ ಟೇಲರ್ ಎಂಬಾತ ದಿವಾಳಿಯ ಅಂಚಿನಲ್ಲಿದ್ದ ಪಾತ್ರೆ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಬರೆದದ್ದು ಅದು. ತೊಳೆದು ಮತ್ತೆ ಬಳಸುವ ಪಾತ್ರೆಗಳ ಉದ್ಧಾರಕ್ಕೆ ಹುಟ್ಟಿದ ಪ್ರಶ್ನೆಗಳನ್ನು ಓದಿ ಮುಗಿಸುವ ಹೊತ್ತಿಗೆ ಹಿಂದುಗಡೆ ಕಾಗದದ ತಟ್ಟೆಗಳ ಕಟ್ಟು ಬಿಚ್ಚುವ ಸದ್ದು ಕೇಳುತ್ತಿರುತ್ತದೆ.

ಅತಿಥಿಗಳ ಪರಿಚಯಕ್ಕೆ ಎಂದು ಒಬ್ಬ ಸದಸ್ಯರು ನೇಮಕವಾಗಿರುತ್ತಾರೆ. ಅವರು ಅಧ್ಯಕ್ಷರನ್ನು ಎಂಟು ನಿಮಿಷ, ಕಾರ್ಯದರ್ಶಿಯನ್ನು ಐದು ನಿಮಿಷ, ನಿಕಟಪೂರ್ವ ಅಧ್ಯಕ್ಷರನ್ನು ಮೂರು ನಿಮಿಷ ಪರಿಚಯಿಸುತ್ತಾರೆ. ಸಭೆಯಲ್ಲಿರುವ ಎಲ್ಲರಿಗೂ ಇಪ್ಪತ್ತು ವರ್ಷದಿಂದ ಪರಿಚಯವಿರುವ ಮೂವರಿವರು. ಯಾರಿಗೂ ಪರಿಚಯವಿಲ್ಲದ ಉಪನ್ಯಾಸಕಿಗೆ ಅರ್ಧ ನಿಮಿಷ ಸಿಗುತ್ತದೆ. "ಮೇಡಂ ಅವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ" ಎಂದು ಆ ಅರ್ಧ ನಿಮಿಷ ಕೊನೆಗೊಳ್ಳುತ್ತದೆ. ಅಧ್ಯಕ್ಷರು ಮೈಕು ತೆಗೆದುಕೊಂಡು, ಸಮಯದ ಅಭಾವ ಇರುವುದರಿಂದ ಮೇಡಂ ಅವರು ಹದಿನೈದು ನಿಮಿಷದಲ್ಲಿ ಮುಗಿಸಬೇಕಾಗಿ ವಿನಂತಿಸುತ್ತಾರೆ.

ಹದಿನೈದು ನಿಮಿಷ ಸಾಲದಷ್ಟು ವಿಷಯವಿದೆ. ಕಸವನ್ನು ಊರ ಹೊರಗೆ ಸುರಿಯುವ ಪದ್ಧತಿಯ ವಿರುದ್ಧ ಅಲ್ಮಿತ್ರಾ ಪಟೇಲ್ ಎಂಬವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಬೆನ್ನಿಗೆ 2000ದಲ್ಲಿ ನಗರಗಳ ಘನತ್ಯಾಜ್ಯಕ್ಕೆ ಮೊದಲ ನಿಯಮಗಳು ಬಂದವು. ಬೆಂಗಳೂರಿನ ಕಸ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಗುಡ್ಡವಾಗಿ ಬೆಳೆಯಿತು. ನೊಣ, ನಾತ, ಕೆಟ್ಟ ನೀರು ಸಹಿಸಿ ಸಾಕಾದ ಮಂಡೂರಿನವರು ತಿರುಗಿಬಿದ್ದರು. 2014ರ ಕೊನೆಗೆ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿನ ಮನೆಗಳಿಗೆ ಎರಡು ಡಬ್ಬಿ, ಒಂದು ಚೀಲದ ಕ್ರಮ ಗೊತ್ತುಮಾಡಿತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪಿಗೆ ಬಚ್ಚಲುಮನೆಯ ಮತ್ತು ಆರೋಗ್ಯದ ಕಸ, ಚೀಲಕ್ಕೆ ಒಣ ಕಸ. 2016ರ ಏಪ್ರಿಲ್ 8ರಂದು ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೊರಟು, ಮೂಲದಲ್ಲೇ ಮೂರು ಬಗೆಯಾಗಿ ಬೇರ್ಪಡಿಸುವುದು ಕಸ ಹುಟ್ಟಿಸುವ ಪ್ರತಿಯೊಬ್ಬರ ಕರ್ತವ್ಯವಾಯಿತು. ಪುರಸಭೆಗೆ ಸ್ಥಳದಲ್ಲೇ ದಂಡ ಹಾಕುವ ಅಧಿಕಾರವೂ ಬಂತು. ಉಪನ್ಯಾಸಕಿ ಇಷ್ಟನ್ನು ಹೇಳಿ, ಮೈಸೂರು 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳಲ್ಲಿ ಮೊದಲು ನಿಂತದ್ದನ್ನು ನೆನಪಿಸಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಮೈಸೂರಿನವರು ಮಾಡಿದ ಕೆಲಸಕ್ಕೆ ಚಪ್ಪಾಳೆ ತಟ್ಟಲು ಯಾವ ಊರಿನವರಿಗೂ ತೊಂದರೆ ಇಲ್ಲ.

2016ರ ಆ ನಿಯಮಗಳ ವಿವರಕ್ಕೆ ಬಂದಾಗ ಸಭೆಯಲ್ಲಿ ಸಣ್ಣ ಅಲುಗಾಟ ಕಾಣಿಸುತ್ತದೆ. ಅಪಾಯಕಾರಿ ಕಸದ ಪಟ್ಟಿಯಲ್ಲಿ ಬಣ್ಣದ ಖಾಲಿ ಡಬ್ಬ ಬರುತ್ತದೆ. ಎಲ್ಲರೂ ಹಾರ್ಡ್‌ವೇರ್ ಸದಸ್ಯರ ಕಡೆ ನೋಡುತ್ತಾರೆ. ಅವಧಿ ಮುಗಿದ ಮಾತ್ರೆ ಎಂದಾಗ ಹಾರ್ಡ್‌ವೇರಿನವರೂ ಸೇರಿ ಎಲ್ಲರೂ ಔಷಧ ಅಂಗಡಿಯವರ ಕಡೆ ನೋಡುತ್ತಾರೆ. ಕೆಟ್ಟ ಟ್ಯೂಬ್‌ಲೈಟು, ಬಳಸಿದ ಬ್ಯಾಟರಿ ಎಂದಾಗ ಎಲೆಕ್ಟ್ರಿಕಲ್ ಅಂಗಡಿಯವರು ಫೋನು ಬಂದವರಂತೆ ಎದ್ದು ಹೊರಗೆ ಹೋಗುತ್ತಾರೆ. ಸೂಜಿ, ಸಿರಿಂಜು ಎಂದಾಗ ದಂತವೈದ್ಯರು, ತಮ್ಮ ಆಸ್ಪತ್ರೆಯ ಕಸಕ್ಕೆ ಬೇರೆಯೇ ನಿಯಮವಿದೆ ಎಂದು ಅಕ್ಕಪಕ್ಕದವರಿಗೆ ಪಿಸುಗುಡುತ್ತಾರೆ. ಇದು ನಿಜವೂ ಹೌದು. ಹೀಗೆ ಪ್ರತಿ ನಿಯಮವೂ ಪಕ್ಕದ ಕುರ್ಚಿಯವರಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ಎಂಬುದು ಮನವರಿಕೆಯಾಗಿ ಸಭೆಯಲ್ಲಿ ತಲೆದೂಗುವವರು ಹೆಚ್ಚುತ್ತಾರೆ.

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿಯಿಲ್ಲದ ಜಾಗದಲ್ಲಿ ಮಾಡುವುದಾದರೆ ಮೂರು ಕೆಲಸದ ದಿನ ಮೊದಲೇ ಪುರಸಭೆಗೆ ತಿಳಿಸಬೇಕು, ಕಸವನ್ನು ಬೇರ್ಪಡಿಸಿ ಒಪ್ಪಿಸುವ ಹೊಣೆ ಸಂಘಟಕರದು ಎಂಬ ನಿಯಮ ಓದಿದಾಗ ಅಧ್ಯಕ್ಷರು ಮೊದಲ ಬಾರಿಗೆ ಎಚ್ಚರಗೊಳ್ಳುತ್ತಾರೆ. ಶಾಲೆಯ ಮೈದಾನದಲ್ಲಿ ನಡೆದ ತಮ್ಮ ಪದಗ್ರಹಣ ಅವರ ನೆನಪಿಗೆ ಬರುತ್ತದೆ. "ಇವತ್ತಿನ ಸಭೇಲಿ ಅರವತ್ತೇ ಜನ ಇರೋದು ಮೇಡಂ" ಎಂದು ಅವರು ಕೂತಲ್ಲಿಂದಲೇ ಸ್ಪಷ್ಟಪಡಿಸುತ್ತಾರೆ. ವರದಿಪುಸ್ತಕದಲ್ಲಿ ನೂರ ಇಪ್ಪತ್ತು ಎಂದು ಆಗಲೇ ಬರೆದಿದ್ದ ಕಾರ್ಯದರ್ಶಿ ಪುಸ್ತಕ ಮುಚ್ಚುತ್ತಾರೆ. ಕ್ಲಬ್ಬಿನ ಸಭೆಯೊಂದಕ್ಕೆ ಎರಡು ಹಾಜರಿಗಳಿರುವುದು ವಾಡಿಕೆ: ನಿಯಮಕ್ಕೆ ಒಂದು, ಪ್ರಶಸ್ತಿಗೆ ಇನ್ನೊಂದು.

ಉಪನ್ಯಾಸದ ಉಳಿದ ಹೊತ್ತು ಅಧ್ಯಕ್ಷರು ಬಿಡುವಾಗಿರುವುದಿಲ್ಲ. ವೇದಿಕೆಯ ಮೇಲಿಂದಲೇ ಹುಬ್ಬಿನಲ್ಲಿ ಫೋಟೋದವನನ್ನು ಕರೆಯಬೇಕು, ಬೆರಳಿನಲ್ಲಿ ಅಡುಗೆಯವರಿಗೆ ತಟ್ಟೆಗಳ ಲೆಕ್ಕ ತಿಳಿಸಬೇಕು, ತಡವಾಗಿ ಬಂದ ಮಾಜಿ ಗವರ್ನರಿಗೆ ಸೋಫಾ ತೆರವು ಮಾಡಿಸಬೇಕು, ಅಲ್ಲಿಂದ ಎಬ್ಬಿಸಿದವರನ್ನು ಅವರಿಗೆ ಬೇಸರವಾಗದಂಥ ಇನ್ನೊಂದು ದರ್ಜೆಯ ಕುರ್ಚಿಗೆ ಕೂರಿಸಬೇಕು. ಈ ಸ್ಥಾನಪಲ್ಲಟದಲ್ಲಿ ಅವರು ತೋರುವ ಸೂಕ್ಷ್ಮ ಮನೆಯ ಅಡುಗೆಕೋಣೆಗೆ ಬಂದರೆ ತಾಲ್ಲೂಕಿನ ಕಸದ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಬರುವುದಿಲ್ಲ. ಮನೆಯಲ್ಲಿ ಯಾವ ಡಬ್ಬಿಗೆ ಏನು ಹಾಕಬೇಕೆಂಬುದು ಅವರ ಪತ್ನಿಗೆ ಗೊತ್ತು. ಅಧ್ಯಕ್ಷರು ಹಾಕಿದ್ದನ್ನು ತೆಗೆದು ಸರಿಯಾದ ಡಬ್ಬಿಗೆ ಹಾಕುವುದೂ ಅವರ ಪತ್ನಿಯೇ.

ಪ್ರಶ್ನೋತ್ತರ ಉಪನ್ಯಾಸಕ್ಕಿಂತ ಉದ್ದವಾಗಿರುತ್ತದೆ. ಮೊದಲು ಏಳುವವರು ಪ್ರಶ್ನೆ ಕೇಳುವುದಿಲ್ಲ, ಸಿಂಗಪುರಕ್ಕೆ ಹೋಗಿ ಬಂದದ್ದನ್ನು ಹೇಳುತ್ತಾರೆ. ಅಲ್ಲಿ ರಸ್ತೆಯ ಮೇಲೆ ಒಂದು ಕಾಗದದ ಚೂರೂ ಇರಲಿಲ್ಲ ಎಂದು ಹೇಳಿ, ನಮ್ಮ ಜನಕ್ಕೆ ಬುದ್ಧಿ ಬರುವುದಿಲ್ಲ ಎಂದು ತೀರ್ಮಾನಿಸಿ, ಚಾಕಲೇಟಿನ ಹಾಳೆಯನ್ನು ಕುರ್ಚಿಯ ಕೆಳಗೆ ಬಿಟ್ಟು ಕೂರುತ್ತಾರೆ. ಎರಡನೆಯವರು ತಮ್ಮ ಬೀದಿಯ ನಾಯಿಗಳ ವಿಚಾರ ಎತ್ತುತ್ತಾರೆ. ಮೂರನೆಯವರದು ಖಾತೆ ಬದಲಾವಣೆಯ ಅರ್ಜಿ. ಪುರಸಭೆಯವರು ಕೈಗೆ ಸಿಕ್ಕಾಗ ಕೇಳಿಬಿಡುವುದು ಒಳ್ಳೆಯದೆಂದು ಅವರ ಭಾವನೆ.

ನಾಲ್ಕನೆಯ ಪ್ರಶ್ನೆಯಲ್ಲಿ ತೂಕವಿರುತ್ತದೆ. "ನಾವೇನೋ ಬೇರೆ ಬೇರೆ ಮಾಡಿ ಕೊಡ್ತೀವಿ ಮೇಡಂ. ನಿಮ್ಮ ಗಾಡಿಯವರು ಎಲ್ಲಾ ಒಟ್ಟಿಗೇ ಸುರೀತಾರಲ್ಲ, ಅದಕ್ಕೇನು ಹೇಳ್ತೀರಿ?" ಸಭೆ ಹುಮ್ಮಸ್ಸಿನಿಂದ ಮೇಜು ಕುಟ್ಟುತ್ತದೆ. ಉಪನ್ಯಾಸಕಿ ಈ ದೂರನ್ನು ಅಲ್ಲಗಳೆಯುವುದಿಲ್ಲ. ಎಲ್ಲ ಗಾಡಿಗಳಲ್ಲೂ ಎರಡು ಭಾಗ ಇನ್ನೂ ಆಗಿಲ್ಲ, ಆಗಿರುವ ಕಡೆಗೂ ಬೆರಕೆ ನಡೆಯುತ್ತದೆ ಎನ್ನುತ್ತಾರೆ. ಆಮೇಲೆ, ಈ ಬೀದಿಯ ಗಾಡಿ ಬೆಳಿಗ್ಗೆ ಆರೂವರೆಗೆ ಬರುತ್ತದೆ, ನಾಳೆ ಒಂದು ದಿನ ಜೊತೆಗೆ ನಿಂತು ಯಾರು ಬೇರೆ ಮಾಡಿ ಕೊಡುತ್ತಾರೆ, ಯಾರು ಬೆರೆಸುತ್ತಾರೆ ನೋಡಬಹುದು ಎಂದು ಆಹ್ವಾನವನ್ನೂ ಕೊಡುತ್ತಾರೆ. ಆರೂವರೆ ಎಂಬ ಮಾತಿಗೆ ಮೇಜು ಕುಟ್ಟುವ ಸದ್ದು ನಿಲ್ಲುತ್ತದೆ. ಅಧ್ಯಕ್ಷರು ಕೂಡಲೇ ಮೂವರ ಉಪಸಮಿತಿ ರಚಿಸುತ್ತಾರೆ. ಮೂವರೂ ಆ ದಿನ ಸಭೆಗೆ ಬಂದಿಲ್ಲದವರು.

ಕೊನೆಯದಾಗಿ ಎಂಬತ್ತರ ಆಸುಪಾಸಿನ ಸ್ಥಾಪಕ ಸದಸ್ಯರೊಬ್ಬರು ಏಳುತ್ತಾರೆ. "ಸ್ಮರಣಿಕೆಗಳನ್ನ ಯಾವುದಕ್ಕೆ ಹಾಕಬೇಕಮ್ಮಾ?" ಎನ್ನುತ್ತಾರೆ. ಇಡೀ ಸಭೆ ಅಂದು ಕಿವಿಗೊಟ್ಟು ಕೇಳುವ ಒಂದೇ ಪ್ರಶ್ನೆ ಇದು. ಕ್ಲಬ್ಬಿನಲ್ಲಿ ವರ್ಷಗಳನ್ನು ಕಳೆದವರ ಮನೆಯಲ್ಲಿ ಷೋಕೇಸು ತುಂಬಿ, ಬೀರುವಿನ ಮೇಲೆ ಏರಿ, ಮಂಚದ ಕೆಳಗೆ ಇಳಿದು, ಅಟ್ಟದವರೆಗೆ ಸ್ಮರಣಿಕೆಗಳು ಹಬ್ಬಿರುತ್ತವೆ. ಒಂದೊಂದರ ಪೀಠ ಮರದ ಪುಡಿಯ ಹಲಗೆ, ನಡುವಿನದು ಅಕ್ರಿಲಿಕ್, ಮೇಲಿನ ಚಿನ್ನದ ಬಣ್ಣದ ಚಕ್ರವೋ ಸಿಂಹವೋ ಪ್ಲಾಸ್ಟಿಕ್, ಹೆಸರಿನ ಪಟ್ಟಿ ತಗಡು, ಡಬ್ಬಿ ರಟ್ಟು, ಒಳಗಿನ ಹಾಸು ಮಖಮಲ್ಲು. ಐದಾರು ವಸ್ತುಗಳನ್ನು ಅಂಟು ಹಾಕಿ ಒಂದಾಗಿಸಿದ ಇಂಥ ಪದಾರ್ಥವನ್ನು ಗುಜರಿಯವರು ಮುಟ್ಟುವುದಿಲ್ಲ. ಹಳೆಯ ಪತ್ರಿಕೆಗೆ ಬೆಲೆಯಿದೆ, ಖಾಲಿ ಸೀಸೆಗೆ ಬೆಲೆಯಿದೆ, ಗೌರವಕ್ಕೆ ಇಲ್ಲ.

ಉಪನ್ಯಾಸಕಿ ಯೋಚಿಸಿ ಉತ್ತರಿಸುತ್ತಾರೆ. ಬಿಡಿಭಾಗ ಕಿತ್ತರೆ ತಗಡು, ರಟ್ಟು ಒಣ ಕಸಕ್ಕೆ ಹೋಗುತ್ತವೆ. ಅಂಟಿಕೊಂಡೇ ಇದ್ದರೆ ಯಾರಿಗೂ ಬೇಡದ ಕಸವಾಗಿ ಹೂಳುವ ಜಾಗಕ್ಕೆ ಹೋಗುತ್ತದೆ. ಮರುಬಳಕೆಗಿಂತ ಮೊದಲ ಮೆಟ್ಟಿಲು ಬಳಕೆ ಕಡಿಮೆ ಮಾಡುವುದು, ಆದ್ದರಿಂದ ಕೊಡದೆ ಇರುವುದೇ ಒಳ್ಳೆಯ ದಾರಿ. ಹಿಂದಿನ ಸಾಲಿನಲ್ಲಿ ಕೂತ ಮಾಜಿ ಅಧ್ಯಕ್ಷರುಗಳ ಪತ್ನಿಯರು ಅಂದಿನ ಅತಿ ದೊಡ್ಡ ಚಪ್ಪಾಳೆ ತಟ್ಟುತ್ತಾರೆ. ಅಧ್ಯಕ್ಷರೂ ತಟ್ಟುತ್ತಾರೆ. ತಟ್ಟಿ, ಮೇಡಂ ಅವರ ಅರ್ಥಪೂರ್ಣ ಮಾತುಗಳ ನೆನಪು ಸದಾ ಉಳಿಯಲೆಂದು ಒಂದು ಅಡಿ ಎತ್ತರದ ಸ್ಮರಣಿಕೆ ಕೊಡುತ್ತಾರೆ. ಶಾಲು ಹೊದಿಸುತ್ತಾರೆ, ಮಡಿಕೆಯ ಚೀಟಿ ತೆಗೆಯಲು ಮರೆತಿರುತ್ತಾರೆ. ಹಣ್ಣಿನ ಬುಟ್ಟಿಗೆ ಸುತ್ತಿದ ತೆಳು ಹಾಳೆಯೂ 2016ರ ನಿಷೇಧದ ಪಟ್ಟಿಯಲ್ಲಿ ಇದ್ದದ್ದೇ ಎಂಬುದು ಉಪನ್ಯಾಸಕಿಗೆ ಗೊತ್ತು. ಫೋಟೋ ತೆಗೆಯುತ್ತಿರುವಾಗ ನಿಯಮ ಹೇಳುವುದು ಸಭ್ಯತೆಯಲ್ಲ ಎಂಬುದೂ ಗೊತ್ತು.

ವಂದನಾರ್ಪಣೆಯಲ್ಲಿ ಮೈಕಿನವರು, ಷಾಮಿಯಾನದವರು, ಹೂವಿನವರು, ಅಡುಗೆಯವರು, ಮುದ್ರಕರು, ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದವರು ಎಲ್ಲರ ನೆನಕೆಯೂ ಆಗುತ್ತದೆ. ಬೆಳಿಗ್ಗೆ ಇದನ್ನೆಲ್ಲ ಗುಡಿಸಬೇಕಾದ ಪೌರಕಾರ್ಮಿಕರು ಆ ಪಟ್ಟಿಯಲ್ಲಿ ಪರೋಕ್ಷದ ಗುಂಪಿಗೆ ಸೇರುತ್ತಾರೆ.

ಸಭೆಯ ನಂತರದ ಊಟಕ್ಕೆ ಕ್ಲಬ್ಬಿನವರು ಫೆಲೋಶಿಪ್ ಎನ್ನುತ್ತಾರೆ. ಪಲಾವು,  ಚಪಾತಿ, ಗೋಬಿ ಮಂಚೂರಿ, ಮೊಸರನ್ನ, ಜಾಮೂನು, ಐಸ್‌ಕ್ರೀಮು. ಇಲ್ಲಿಯೂ ಅಧ್ಯಕ್ಷರ ವಿಂಗಡಣೆ ಕೆಲಸ ಮಾಡುತ್ತದೆ: ವೇದಿಕೆಯವರಿಗೆ ಅಡಿಕೆ ಹಾಳೆಯ ತಟ್ಟೆ, ಸಭಿಕರಿಗೆ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ. ಹಾಳೆ ತಟ್ಟೆಯಲ್ಲಿ ಊಟ ಮಾಡುತ್ತಿರುವ ಫೋಟೋ ವರದಿಗೆ ಸಾಕು. ಮೇಜಿನ ಮೇಲೆ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಿರುತ್ತದೆ. ರಾಜ್ಯದ ಅಧಿಸೂಚನೆ ಹೆಸರು ಹಿಡಿದು ನಿಷೇಧಿಸಿದ ವಸ್ತುಗಳಲ್ಲಿ ಊಟದ ಮೇಜಿಗೆ ಹಾಸುವ ಈ ಹಾಳೆಯೂ ಒಂದು. ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಪ್ರತಿಯೊಬ್ಬರೂ ಬಿಚ್ಚಿ ಎರಡು ಗುಟುಕು ಕುಡಿದು ಕೆಳಗಿಡುತ್ತಾರೆ. ಯಾವುದು ಯಾರದೆಂದು ಆಮೇಲೆ ತಿಳಿಯದೆ ಇನ್ನೊಂದು ಬಿಚ್ಚುತ್ತಾರೆ. ಉಪನ್ಯಾಸಕಿ ಕೈತೊಳೆಯಲು ಹೋಗುವಾಗ ತಮ್ಮ ತಟ್ಟೆಯನ್ನು ಯಾವುದಕ್ಕೆ ಹಾಕಬೇಕೆಂದು ಹುಡುಕುತ್ತಾರೆ. ಮೂರು ಬಣ್ಣದ ಡಬ್ಬಿಗಳು ವೇದಿಕೆಯ ಮೇಲೆ ಹಾಗೇ ಇರುತ್ತವೆ, ಆದರೆ ಅವುಗಳ ಹಸ್ತಾಂತರ ಮುಂದಿನ ವಾರ. ಅದಕ್ಕೆ ಮೊದಲು ಅವುಗಳಲ್ಲಿ ಕಸ ಹಾಕುವುದು ಸಾಧ್ಯವಿಲ್ಲ ಎಂದು ಕಾರ್ಯದರ್ಶಿ ವಿನಯದಿಂದ ತಿಳಿಸಿ, ಬಾಗಿಲ ಬಳಿಯ ಗೋಣಿಚೀಲ ತೋರಿಸುತ್ತಾರೆ. ಎಲ್ಲವೂ ಅದಕ್ಕೇ ಬೀಳುತ್ತದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಗಾಡಿ ಬರುತ್ತದೆ. ಪೌರಕಾರ್ಮಿಕ ಮಹಿಳೆ ಗೋಣಿಚೀಲ ಬೋರಲು ಹಾಕಿ, ಬಾಟಲಿಗಳನ್ನು ಒಂದು ಕಡೆ, ರಟ್ಟನ್ನು ಒಂದು ಕಡೆ, ಅನ್ನವನ್ನು ಒಂದು ಕಡೆ ಮಾಡುತ್ತಾಳೆ. ಅಲ್ಲಿ ಶ್ರೇಣೀಕರಣ ನೇರವಾಗಿದೆ: ಗುಜರಿಗೆ ಹೋಗುವುದು, ಗೊಬ್ಬರಕ್ಕೆ ಹೋಗುವುದು, ಎಲ್ಲಿಗೂ ಹೋಗದ್ದು. ಪಲಾವಿನಲ್ಲಿ ನೆನೆದ ರಟ್ಟು ಮೂರನೆಯ ಗುಂಪಿಗೆ ಸೇರುತ್ತದೆ. ಉಪನ್ಯಾಸಕಿ ಹದಿನೈದು ನಿಮಿಷದಲ್ಲಿ ಹೇಳಿದ ನಿಯಮದ ಕಾರಣ ಇಷ್ಟೇ: ಹಸಿ ತಾಗಿದರೆ ಒಣದಕ್ಕೆ ಬೆಲೆಯಿಲ್ಲ, ಒಣದು ಸೇರಿದರೆ ಹಸಿಗೆ ಗೊಬ್ಬರವಾಗುವ ಯೋಗವಿಲ್ಲ. ಉಪಸಮಿತಿ ಆ ದಿನ ಬರುವುದಿಲ್ಲ.

ಕ್ಲಬ್ಬಿನಲ್ಲಿ ಉಪನ್ಯಾಸದ ಪರಿಣಾಮ ಶೂನ್ಯವೆನ್ನುವಂತಿಲ್ಲ. ಸ್ಥಾಪಕ ಸದಸ್ಯರು ತಮ್ಮ ಸ್ಮರಣಿಕೆಗಳನ್ನು ಸ್ಕ್ರೂಡ್ರೈವರ್ ಹಿಡಿದು ಬಿಡಿಸಲು ತೊಡಗುತ್ತಾರೆ. ಔಷಧ ಅಂಗಡಿಯವರು ಹಳೆಯ ಮಾತ್ರೆಗಳಿಗೆಂದು ಒಂದು ರಟ್ಟಿನ ಪೆಟ್ಟಿಗೆ ಇಡುತ್ತಾರೆ. ಒಬ್ಬಿಬ್ಬರ ಮನೆಯಲ್ಲಿ ಎರಡನೆಯ ಡಬ್ಬಿ ಬರುತ್ತದೆ. ಮುಂದಿನ ಸಭೆಗೆ ಸ್ಟೀಲ್ ತಟ್ಟೆ ಬಾಡಿಗೆಗೆ ತರೋಣವೆಂದು ಒಬ್ಬರು ಸೂಚಿಸಿ, ತೊಳೆಯುವವರು ಯಾರು ಎಂಬ ಚರ್ಚೆಯಲ್ಲಿ ಅದು ಮೂರು ಸಭೆ ಮುಂದಕ್ಕೆ ಹೋಗುತ್ತದೆ. ಇವು ಯಾವುವೂ ವರದಿಗೆ ಸೇರುವುದಿಲ್ಲ, ಏಕೆಂದರೆ ಫೋಟೋ ಇರುವುದಿಲ್ಲ.

ವರದಿ ಬೇರೆಯೇ ಸಿದ್ಧವಾಗುತ್ತದೆ: ತ್ಯಾಜ್ಯ ನಿರ್ವಹಣೆ ಕುರಿತ ಬೃಹತ್ ಜಾಗೃತಿ ಕಾರ್ಯಕ್ರಮ, ಹಾಜರಿ ನೂರ ಇಪ್ಪತ್ತು, ಫೋಟೋ ನಾಲ್ಕು, ಪತ್ರಿಕಾ ವರದಿ ಎರಡು. ಜುಲೈ 1ರಂದು ಸನ್ಮಾನಗೊಂಡ ಪತ್ರಕರ್ತರು ಇಲ್ಲಿ ನೆರವಿಗೆ ಬಂದಿರುತ್ತಾರೆ. ವರ್ಷದ ಕೊನೆಯ ಜಿಲ್ಲಾ ಸಮಾವೇಶದಲ್ಲಿ ಪರಿಸರ ವಿಭಾಗದ ಎರಡನೆಯ ಬಹುಮಾನ ಘೋಷಣೆಯಾಗುತ್ತದೆ. ಮೊದಲನೆಯದು ಪಕ್ಕದ ಊರಿಗೆ ಹೋಗಿರುತ್ತದೆ, ಅವರ ಹಾಜರಿ ನೂರ ಐವತ್ತು. ಬಹುಮಾನವೆಂದರೆ ದಪ್ಪ ಕಾಗದದ ಒಂದು ಪ್ರಮಾಣಪತ್ರ. ಹಾಗೆಯೇ ಬಿಟ್ಟಿದ್ದರೆ ಎಂದಾದರೂ ಒಂದು ದಿನ ಒಣ ಕಸಕ್ಕೆ ಸೇರಿ, ಗುಜರಿಗೆ ಹೋಗಿ, ಮತ್ತೆ ಕಾಗದವಾಗಬಹುದಿತ್ತು. ಜೂನ್ 30ರೊಳಗೆ ಅಧ್ಯಕ್ಷರು ಅದಕ್ಕೆ ಎರಡೂ ಬದಿ ಲ್ಯಾಮಿನೇಷನ್ ಮಾಡಿಸುತ್ತಾರೆ.